ಹನ್ನೊಂದು ತಿಂಗಳ ಕೈತೋಟ



ಕೈತೋಟದ ಪ್ರಸ್ತಾಪ ಬಂದಾಗಲೆಲ್ಲ ಚೆನ್ನೈಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಜಾಗ ಎಲ್ಲಿದೆ ಎನ್ನುವುದು ಒಂದು. ಬಾಡಿಗೆ ಮನೆಯಲ್ಲಿ ಇಷ್ಟೆಲ್ಲ ಯಾಕೆ ಎನ್ನುವುದು ಇನ್ನೊಂದು. ಎರಡರ ಬೇರೂ ಒಂದೇ ನಂಬಿಕೆಯಲ್ಲಿದೆ: ತೋಟವೆಂದರೆ ನೆಲ ಉಳ್ಳವರ ಸೊತ್ತು, ಉಳಿದವರಿಗೆ ಕಿಟಕಿಯ ಮೇಲಿನ ಒಂದು ತುಳಸಿ ಗಿಡವೇ ಹೆಚ್ಚು. ಈ ನಂಬಿಕೆ ತಪ್ಪೆಂದು ತೋರಿಸುವುದೇ ನನ್ನ ಇವತ್ತಿನ ಕೆಲಸ. ನಗರದ ಕೈತೋಟವನ್ನು ನಾವು ಚದರಡಿಯಲ್ಲಿ ಅಳೆಯುತ್ತಾ ಬಂದಿದ್ದೇವೆ, ತಿಂಗಳುಗಳಲ್ಲಿ ಅಳೆಯಬೇಕು. ಈ ಮನೆಯಲ್ಲಿ ಎಷ್ಟು ಕಾಲ ಇರುತ್ತೇವೆ, ಅದರಲ್ಲಿ ಯಾವ ತಿಂಗಳು ಬಿಸಿಲು ಎಲ್ಲಿ ಬೀಳುತ್ತದೆ, ಮಳೆ ಯಾವಾಗ ಬರುತ್ತದೆ ಎನ್ನುವುದು ಗೊತ್ತಿದ್ದರೆ ಎರಡಡಿ ಬಾಲ್ಕನಿಯೂ ಬೆಳೆ ಕೊಡುತ್ತದೆ. ಅದು ಗೊತ್ತಿಲ್ಲದಿದ್ದರೆ ದೊಡ್ಡ ಹಿತ್ತಲೂ ಪಾಳು ಬೀಳುತ್ತದೆ.

ಒಡೆತನಕ್ಕೂ ತೋಟಕ್ಕೂ ಗಂಟು ಹಾಕಬೇಕಿಲ್ಲ ಎನ್ನುವುದಕ್ಕೆ ಚೆನ್ನೈ ಕನ್ನಡಿಗರ ಚರಿತ್ರೆಯೇ ಸಾಕ್ಷಿ ಹೇಳುತ್ತದೆ. ದಕ್ಷಿಣ ಕನ್ನಡದ ಕಡಂದಲೆಯಿಂದ ಮದರಾಸಿಗೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಆರಂಭಿಸಿದ್ದು ಬಾಡಿಗೆಗೆ ಹಿಡಿದ ಬಂಗಲೆಯಲ್ಲಿ. 1962ರಲ್ಲಿ ಕೆಥೀಡ್ರಲ್ ರಸ್ತೆಯಲ್ಲಿ ತೆರೆದ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ನಿಂತದ್ದೂ ಗುತ್ತಿಗೆಯ ನೆಲದಲ್ಲೇ. 1835ರಲ್ಲಿ ಹುಟ್ಟಿದ ಮದರಾಸಿನ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ನೆರೆಯ ಆ ಜಾಗದಲ್ಲಿ ಮರಗಳ ನೆರಳಿಗೆ ಕಾರು ನಿಲ್ಲಿಸಿ ದೋಸೆ ತಿಂದವರು ಈ ಸಭೆಯಲ್ಲೂ ಇರಬಹುದು. 2008ರಲ್ಲಿ ಹೋಟೆಲು ಮುಚ್ಚಿತು. 2010ರಲ್ಲಿ ಅದೇ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ನಲವತ್ತಾರು ವರ್ಷ ಒಂದು ಹೋಟೆಲು ಮರಗಳ ಜೊತೆ ಬಾಳಿತು. ಅಲ್ಲಿ ಅಂಗೈಯಗಲ ನೆಲವೂ ಅದರ ಸ್ವಂತದ್ದಾಗಿರಲಿಲ್ಲ. ಜರ್ಮನಿಯವರು ಇದೇ ಸಂಗತಿಯನ್ನು ಕಾನೂನಾಗಿಯೇ ಬರೆದಿಟ್ಟರು. ಅವರ 1983ರ ಸಣ್ಣ ತೋಟಗಳ ಕಾಯ್ದೆಯ ಪ್ರಕಾರ ಊರಿನವರು ಗುತ್ತಿಗೆಗೆ ಪಡೆಯುವ ತೋಟದ ತುಂಡು 400 ಚದರ ಮೀಟರು ಮೀರುವಂತಿಲ್ಲ, ಗುತ್ತಿಗೆದಾರನನ್ನು ಮನಬಂದಂತೆ ಎಬ್ಬಿಸುವಂತೆಯೂ ಇಲ್ಲ. ಎರಡೂ ಕಡೆ ಗಿಡವನ್ನು ಉಳಿಸಿದ್ದು ಇಷ್ಟು ಕಾಲ ಇರಬಹುದೆಂಬ ಭರವಸೆ. ಪತ್ರ ಯಾರ ಹೆಸರಿನಲ್ಲಿತ್ತು ಎನ್ನುವುದು ಅಲ್ಲಿ ಮುಖ್ಯವಾಗಲಿಲ್ಲ.

ನಮ್ಮಲ್ಲಿ ಬಾಡಿಗೆದಾರನಿಗೆ ಸಿಗುವ ಭರವಸೆ ಸಾಮಾನ್ಯವಾಗಿ ಹನ್ನೊಂದು ತಿಂಗಳದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುವ 1908ರ ನೋಂದಣಿ ಕಾಯ್ದೆಯಿಂದ ತಪ್ಪಿಸಿಕೊಳ್ಳಲು ಹುಟ್ಟಿದ ರೂಢಿ ಇದು. ಈ ಅವಧಿ ತೀರಾ ಚಿಕ್ಕದೆಂದು ನಮಗೆ ಅನ್ನಿಸುತ್ತದೆ. ಆದರೆ ಗಿಡದ ಕಡೆಯಿಂದ ಲೆಕ್ಕ ಹಾಕಿ ನೋಡೋಣ. ಮೆಂತ್ಯ ಬಿತ್ತಿದ ಮೂರು ವಾರಕ್ಕೆ ಕೀಳಲು ಬರುತ್ತದೆ. ಹರಿವೆಗೆ ನಾಲ್ಕು ವಾರ ಸಾಕು. ಬೆಂಡೆ ಒಂದೂವರೆ ತಿಂಗಳಿಗೆ ಮೊದಲ ಕಾಯಿ ಕೊಟ್ಟು ಮತ್ತೆರಡು ತಿಂಗಳು ಬಿಡುತ್ತದೆ. ಬದನೆ ಎರಡು-ಎರಡೂವರೆ ತಿಂಗಳಿಗೆ ಕಾಯಿ ಹಿಡಿಯುತ್ತದೆ. ಹಲವು ವರ್ಷದ ಮರವೆಂದು ನಾವು ತಿಳಿದಿರುವ ನುಗ್ಗೆಯಲ್ಲೂ ತಮಿಳುನಾಡಿನ ಪೆರಿಯಕುಳಂ ತೋಟಗಾರಿಕಾ ಕಾಲೇಜು ಕೊಟ್ಟ ಪಿಕೆಎಂ-1 ಎಂಬ ತಳಿ ಬೀಜ ಹಾಕಿದ ವರ್ಷವೇ ಕಾಯಿ ಬಿಡುತ್ತದೆ. ಹನ್ನೊಂದು ತಿಂಗಳೆಂದರೆ ಸೊಪ್ಪಿಗೆ ಹತ್ತು ಬೆಳೆ, ತರಕಾರಿಗೆ ಮೂರು ಬೆಳೆ. ಇನ್ನೂ ಒಂದು ಹೊಂದಾಣಿಕೆ ಇದೆ. ಮಕ್ಕಳಿರುವ ಕುಟುಂಬಗಳು ಮನೆ ಬದಲಿಸುವುದು ಹೆಚ್ಚಾಗಿ ಶಾಲೆ ತೆರೆಯುವ ಮುಂಚೆ, ಮೇ-ಜೂನಿನಲ್ಲಿ. ಜೂನಿನಿಂದ ಏಪ್ರಿಲ್ ತನಕದ ಕರಾರಿನಲ್ಲಿ ಬಿಟ್ಟುಹೋಗುವ ಒಂದೇ ತಿಂಗಳು ಮೇ. ಅಗ್ನಿ ನಕ್ಷತ್ರವೆಂದು ಇಲ್ಲಿ ಕರೆಯುವ ಕಡುಬಿಸಿಲಿನ ಆ ತಿಂಗಳಲ್ಲಿ ಚೆನ್ನೈಯಲ್ಲಿ ಹೊಸದಾಗಿ ಏನನ್ನೂ ಬಿತ್ತದಿರುವುದೇ ಲೇಸು. ಬಾಡಿಗೆದಾರನ ವರ್ಷವೂ ಈ ಊರಿನ ತೋಟದ ವರ್ಷವೂ ಒಂದಕ್ಕೊಂದು ಹೆಚ್ಚುಕಡಿಮೆ ಸರಿಹೊಂದುತ್ತವೆ.

ಈ ಊರಿನ ತೋಟದ ವರ್ಷ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಲ್ಲಿನ ಕನ್ನಡಿಗರ ಗಿಡ ಒಣಗುವುದು ಬಹಳ ಸಲ ಜಾಗದ ಕೊರತೆಯಿಂದಲ್ಲ, ಊರಿನಿಂದ ಹೊತ್ತು ತಂದ ಪಂಚಾಂಗದಿಂದ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಚೆನ್ನೈ ಸಮುದ್ರದ ಅಂಚಿನಲ್ಲೇ ಇದೆ. ಅಲ್ಲಿ ಮಳೆಯ ಬಹುಪಾಲು ಮೇಯಿಂದ ಅಕ್ಟೋಬರಿನೊಳಗೆ ಮುಗಿಯುತ್ತದೆ. ಇಲ್ಲಿ ವರ್ಷದ ಸುಮಾರು 1,400 ಮಿ.ಮೀ. ಮಳೆಯಲ್ಲಿ ಅರ್ಧಕ್ಕೂ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಸುರಿಯುತ್ತದೆ. ಹಾಗಾಗಿ ಜೂನಿನಲ್ಲಿ ಮುಂಗಾರೆಂದು ಟೊಮೇಟೊ ಸಸಿ ನೆಟ್ಟರೆ ಗಿಡ ಬೆಳೆಯುತ್ತದೆ, ಹೂವೂ ಬಿಡುತ್ತದೆ. ರಾತ್ರಿಯ ಸೆಕೆಗೆ ಆ ಹೂವು ಕಾಯಿ ಕಟ್ಟದೆ ಉದುರುತ್ತದೆ. ನೆಟ್ಟವರು ಗೊಬ್ಬರವನ್ನೋ ಕೀಟವನ್ನೋ ದೂರುತ್ತಾರೆ. ಇಲ್ಲಿನ ತಮಿಳು ರೈತರು ಆಡಿ ಪಟ್ಟಂ ಎನ್ನುತ್ತಾರಲ್ಲ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ಆ ಬಿತ್ತನೆಯ ಕಾಲ, ಅದನ್ನೇ ನಾವೂ ಹಿಡಿಯಬೇಕು. ಬೆಂಡೆ, ಬದನೆ, ಗೋರಿಕಾಯಿ, ಅಲಸಂದೆ, ಹಾಗಲ ಆಗ. ಟೊಮೇಟೊ ಬೀಜವನ್ನು ಸೆಪ್ಟೆಂಬರಿನಲ್ಲಿ ಪಾತಿಗೆ ಹಾಕಿದರೆ ಡಿಸೆಂಬರಿನಿಂದ ಫೆಬ್ರುವರಿವರೆಗೆ ಹಣ್ಣು. ನವೆಂಬರಿನ ಬಿರುಸು ಮಳೆ ಎಳೆ ಸಸಿಯನ್ನು ನೆಲಕ್ಕೆ ಒರಗಿಸುವುದರಿಂದ ಕೊತ್ತಂಬರಿ, ಮೆಂತ್ಯ, ಮೂಲಂಗಿ ಮಳೆಯ ಆರ್ಭಟ ಇಳಿದ ಮೇಲೆ. ಸಂಕ್ರಾಂತಿ ಕಳೆದ ಕೂಡಲೇ ಸೋರೆ, ಹೀರೆ, ಪಡವಲ. ಬೆಂಗಳೂರಿನ ಬೀನ್ಸ್, ಕ್ಯಾರೆಟ್ ಇಲ್ಲಿ ಬರಲಿಲ್ಲವೆಂದು ಮರುಗಬೇಕಾಗಿಲ್ಲ. ಬೆಂಗಳೂರಿನ ಚಳಿಗೆ ಮುದುಡುವ ಬಸಳೆ ಇಲ್ಲಿ ವರ್ಷವಿಡೀ ಚಿಗುರುತ್ತದೆ.

ಜಾಗ ಚಿಕ್ಕದಾದಷ್ಟೂ ತಿಂಗಳ ಲೆಕ್ಕ ಇನ್ನೂ ಸೂಕ್ಷ್ಮವಾಗಬೇಕು. ಬಾಲ್ಕನಿಯನ್ನೇ ತೆಗೆದುಕೊಳ್ಳಿ. ಉತ್ತರಕ್ಕೆ ತೆರೆದ ಬಾಲ್ಕನಿಗೆ ಬಿಸಿಲೇ ಬೀಳುವುದಿಲ್ಲ ಎನ್ನುವುದು ಸಾಮಾನ್ಯ ಅಭಿಪ್ರಾಯ. ಉತ್ತರ ದೇಶಗಳ ತೋಟಗಾರಿಕೆ ಪುಸ್ತಕಗಳ ಮಟ್ಟಿಗೆ ಅದು ನಿಜ. ಚೆನ್ನೈ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಡುಮಧ್ಯಾಹ್ನ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ. ಆಗಸ್ಟ್ ಮೂರನೇ ವಾರದ ತನಕ ಅಲ್ಲೇ ಇರುತ್ತಾನೆ. ಅಂದರೆ ಸುಮಾರು ನಾಲ್ಕು ತಿಂಗಳು ಇಲ್ಲಿ ಉತ್ತರದ ಗೋಡೆಗೇ ನೇರ ಬಿಸಿಲು, ದಕ್ಷಿಣದ ಗೋಡೆಗೆ ನೆರಳು. ಉಳಿದ ತಿಂಗಳು ಅದಲುಬದಲು. ಉತ್ತರದ ಬಾಲ್ಕನಿಯವರು ಜೂನ್-ಜುಲೈಯಲ್ಲಿ ದಂಟು, ಹರಿವೆ, ಮೆಣಸಿನ ಗಿಡ ಇಟ್ಟು, ಸೆಪ್ಟೆಂಬರಿನ ಮೇಲೆ ಪುದೀನ, ಒಂದೆಲಗ, ದೊಡ್ಡಪತ್ರೆಗಳಿಗೆ ಜಾಗ ಬಿಡಬಹುದು. ದಕ್ಷಿಣದ ಬಾಲ್ಕನಿಯವರಿಗೆ ಟೊಮೇಟೊ, ಕೊತ್ತಂಬರಿಯ ತಿಂಗಳುಗಳೇ ಬಿಸಿಲಿನ ತಿಂಗಳುಗಳು. ಪಶ್ಚಿಮದ ಬಾಲ್ಕನಿ ಏಪ್ರಿಲಿನಲ್ಲಿ ಎಲೆ ಸುಡುತ್ತದೆ. ಅಲ್ಲಿಗೆ ನೆರಳು ಬಲೆ ಬೇಕು, ಇಲ್ಲವೇ ಅಲಸಂದೆಯಂಥ ಗಟ್ಟಿ ಬಳ್ಳಿ. ಮನೆ ಹಿಡಿಯುವಾಗ ನೀರು, ಕರೆಂಟು ವಿಚಾರಿಸುವ ಹಾಗೆ ಬಾಲ್ಕನಿಯ ದಿಕ್ಕನ್ನೂ ನೋಡಿಕೊಂಡರೆ ಅರ್ಧ ತೋಟ ಅಲ್ಲೇ ನಿಶ್ಚಯವಾಗುತ್ತದೆ.

ಈಗ ಮನೆ ಮಾಲೀಕರ ಆಕ್ಷೇಪಕ್ಕೆ ಬರೋಣ. ತಾರಸಿಯಲ್ಲಿ ಗಿಡ ಇಟ್ಟರೆ ಸೂರು ಸೋರುತ್ತದೆ, ಭಾರಕ್ಕೆ ಬಿರುಕು ಬಿಡುತ್ತದೆ ಎನ್ನುವ ಅವರ ಭಯಕ್ಕೆ ಆಧಾರವಿದೆ, ಅದನ್ನು ತಳ್ಳಿಹಾಕಬಾರದು. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಜನ ಓಡಾಡುವ ಚಪ್ಪಟೆ ಸೂರಿಗೆ ಎಂಜಿನಿಯರು ಲೆಕ್ಕ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಗ್ರೋಬ್ಯಾಗಿಗೆ ಇಪ್ಪತ್ತು ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ ಒಂದು ಚೀಲ 35 ಕೆ.ಜಿ. ದಾಟುತ್ತದೆ, ನಾಲ್ಕು ಚೀಲಕ್ಕೇ ಒಂದು ಚದರ ಮೀಟರಿನ ಮಿತಿ ಮುಗಿಯಿತು. ಅದೇ ಚೀಲಕ್ಕೆ ಕೊಕೊಪೀಟು, ಕಾಂಪೋಸ್ಟು ಹೆಚ್ಚಾಗಿ ಬೆರೆಸಿ ಮಣ್ಣು ಕಡಿಮೆ ಮಾಡಿದರೆ ಭಾರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಚೀಲಗಳನ್ನು ನಡುವೆ ಗುಡ್ಡೆ ಹಾಕದೆ ಗೋಡೆ, ತೊಲೆಗಳ ನೇರಕ್ಕೆ ಅಂಚಿನುದ್ದಕ್ಕೂ ಬಿಡಿಬಿಡಿಯಾಗಿ ಇಟ್ಟರೆ, ಕೆಳಗೆ ಇಟ್ಟಿಗೆಯದೋ ಕಬ್ಬಿಣದ್ದೋ ಸ್ಟ್ಯಾಂಡು ಕೊಟ್ಟು ಸೂರಿಗೆ ಗಾಳಿಯಾಡಲು ಬಿಟ್ಟರೆ, ಅಕ್ಟೋಬರಿಗೆ ಮುಂಚೆ ಮಳೆನೀರಿನ ಕೊಳವೆಯ ಬಾಯಿಯಿಂದ ತರಗೆಲೆ ತೆಗೆದರೆ ಸೋರಿಕೆಯ ಕಾರಣಗಳು ಬಹುಪಾಲು ನಿವಾರಣೆಯಾಗುತ್ತವೆ. ಮರದ ತೊಲೆಯ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿ ಕಟ್ಟಿದ ಹಳೆಯ ಮದರಾಸ್ ತಾರಸಿಯ ಮನೆಗಳಲ್ಲಿ ಮಾತ್ರ ಮಾಲೀಕರು ಬೇಡವೆಂದರೆ ಅದು ಸರಿಯೇ. ಅಲ್ಲಿ ಅಂಗಳದಲ್ಲಿ ಬೆಳೆಯೋಣ.

ಇನ್ನೂ ಗಂಭೀರವಾದ ಆಕ್ಷೇಪ ನೀರಿನದು. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕಂ ನಾಲ್ಕೂ ಕೆರೆಗಳು ಬತ್ತಿ, ಜನ ಲಾರಿ ನೀರಿಗೆ ಕೊಡ ಹಿಡಿದು ಸಾಲು ನಿಂತ ಊರು ಇದು. ಇಂಥ ಕಡೆ ಗಿಡಕ್ಕೆ ನೀರೆರೆಯುವುದು ನ್ಯಾಯವೇ? ಲೆಕ್ಕ ನೋಡೋಣ. ಇಪ್ಪತ್ತು ಚೀಲದ ತೋಟಕ್ಕೆ ಚಳಿಗಾಲದಲ್ಲಿ ದಿನಕ್ಕೆ ಇಪ್ಪತ್ತು ಲೀಟರು, ಬೇಸಿಗೆಯಲ್ಲಿ ನಲವತ್ತು ಲೀಟರು ಸಾಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟಿನಲ್ಲಿ ಹಿಡಿದಿಟ್ಟರೆ ಇದರಲ್ಲಿ ಒಳ್ಳೆಯ ಪಾಲು ಅಲ್ಲೇ ಸಿಗುತ್ತದೆ. ಉಳಿದದ್ದಕ್ಕೆ ಏರ್ ಕಂಡಿಷನರಿನ ನೀರು ಇದೆ. ಚೆನ್ನೈಯ ಒದ್ದೆ ಗಾಳಿಯಲ್ಲಿ ಒಂದು ಸಾಧಾರಣ ಎ.ಸಿ. ಗಂಟೆಗೆ ಲೀಟರಿಗೂ ಮಿಗಿಲಾಗಿ ನೀರು ಹನಿಸುತ್ತದೆ. ನಾವು ಅದನ್ನು ಗೋಡೆಯ ಮೇಲೆ ಪಾಚಿ ಕಟ್ಟಲು ಬಿಡುತ್ತೇವೆ. ಗಿಡದ ದೃಷ್ಟಿಯಿಂದ ಅದಕ್ಕೆ ಇನ್ನೊಂದು ಗುಣವಿದೆ: ಅದರಲ್ಲಿ ಉಪ್ಪಿಲ್ಲ. ಬೆಸೆಂಟ್ ನಗರ, ತಿರುವಾನ್ಮಿಯೂರಿನಂಥ ಕಡಲ ಬದಿಯ ಬಡಾವಣೆಗಳಲ್ಲಿ ಬೋರ್ ನೀರು ಎರೆದ ಚೀಲವನ್ನು ಹತ್ತಿರದಿಂದ ನೋಡಿ. ಮಣ್ಣಿನ ಅಂಚಿಗೆ ಬೆರಳಗಲದ ಬಿಳಿ ಪಟ್ಟಿ ಕಟ್ಟಿರುತ್ತದೆ, ಎಲೆಯ ತುದಿ ಕಂದಾಗಿ ಸುಟ್ಟಂತೆ ಒಣಗಿರುತ್ತದೆ, ನಡು ಮಾತ್ರ ಹಸಿರಾಗಿರುತ್ತದೆ. ರೋಗವೆಂದು ಔಷಧಿ ಹೊಡೆಯುವುದರಿಂದ ಇದು ಗುಣವಾಗದು, ಏಕೆಂದರೆ ಇದು ಉಪ್ಪಿನ ಪೆಟ್ಟು. ಆರ್.ಓ. ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕಿದರೆ ಪೆಟ್ಟು ಇನ್ನೂ ಹೆಚ್ಚು. ಅದು ನೆಲ ಒರೆಸಲು ಇರಲಿ. ಬೋರ್ ನೀರಿಗೆ ಎ.ಸಿ. ನೀರು ಬೆರೆಸಿ ಎರೆಯುವುದು, ಅಕ್ಟೋಬರಿನ ಮೊದಲ ಮಳೆಗೆ ಚೀಲಗಳನ್ನು ತೆರೆದಿಟ್ಟು ಉಪ್ಪು ತೊಳೆದುಹೋಗಲು ಬಿಡುವುದು, ಇವೆರಡೇ ಇದರ ಚಿಕಿತ್ಸೆ.

ಸೊಳ್ಳೆಯ ಆಕ್ಷೇಪಕ್ಕೆ ಉತ್ತರ ಚಿಕ್ಕದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರದಿಂದ ಹತ್ತು ದಿನ ಬೇಕು, ಅದಕ್ಕೆ ನಿಂತ ನೀರು ಬೇಕು. ಕುಂಡದ ಕೆಳಗಿನ ತಟ್ಟೆಯನ್ನು ವಾರಕ್ಕೆರಡು ಸಲ ಬರಿದು ಮಾಡುವವರ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಬೆಲೆಯ ಆಕ್ಷೇಪ ಮಾತ್ರ ಬಿಚ್ಚಿ ನೋಡತಕ್ಕದ್ದು. 1996ರಿಂದ ನಡೆಯುತ್ತಿರುವ ಕೋಯಂಬೇಡು ಮಾರುಕಟ್ಟೆ ಇರುವಾಗ ಚೀಲ, ಕೊಕೊಪೀಟು, ಬೇವಿನ ಹಿಂಡಿಗೆ ಖರ್ಚು ಮಾಡಿ ನಾಲ್ಕು ಬದನೆಕಾಯಿ ಬೆಳೆಯುವುದು ಲಾಭವೇ ಎಂದು ಕೇಳಿದರೆ, ಈರುಳ್ಳಿ, ಆಲೂಗಡ್ಡೆ, ಕುಂಬಳಕ್ಕೆ ಲಾಭವಿಲ್ಲ ಎಂದೇ ಹೇಳಬೇಕು. ಕೊಯ್ದ ಗಳಿಗೆಯಿಂದಲೇ ಬಾಡುವ ಸೊಪ್ಪು, ಒಂದು ಸಲಕ್ಕೆ ಎರಡೇ ಎಸಳು ಬೇಕಾಗುವ ಕರಿಬೇವು, ಕಟ್ಟು ಕೊಂಡರೆ ಮುಕ್ಕಾಲು ಕೊಳೆಯುವ ಪುದೀನ, ತಂಬುಳಿಗೆ ಬೇಕಾದ ದೊಡ್ಡಪತ್ರೆ, ಇಲ್ಲಿನ ಅಂಗಡಿಯಲ್ಲಿ ಸುಲಭವಾಗಿ ಸಿಗದ ಬಸಳೆ, ಪತ್ರೊಡೆಯ ಕೆಸು: ಇವು ಮನೆಯಲ್ಲೇ ಇರಬೇಕಾದವು. ಅಡುಗೆಮನೆಯ ಕಸವೂ ಲೆಕ್ಕಕ್ಕೆ ಸೇರಬೇಕು. ದಿನಕ್ಕೆ 5,000 ಟನ್ನಿಗೂ ಹೆಚ್ಚು ಕಸ ಹುಟ್ಟುವ ಈ ನಗರದ ಹೊರೆಯನ್ನು ದಶಕಗಳ ಕಾಲ ಕೊಡುಂಗೈಯೂರು, ಪೆರುಂಗುಡಿಯ ಕಸದ ಗುಡ್ಡೆಗಳ ನೆರೆಹೊರೆಯವರು ಹೊತ್ತಿದ್ದಾರೆ. ಸಿಪ್ಪೆ, ತೊಟ್ಟುಗಳನ್ನು ಒಣ ಎಲೆಯ ಜೊತೆ ಒಂದು ತೂತುಬಿದ್ದ ಡ್ರಮ್ಮಿನಲ್ಲಿ ಎರಡು ತಿಂಗಳು ಕೊಳೆಸಿ ಗೊಬ್ಬರ ಮಾಡುವ ಮನೆ ಅವರ ಹೊರೆಯನ್ನು ಅಷ್ಟರ ಮಟ್ಟಿಗೆ ಇಳಿಸುತ್ತದೆ.

ಸರ್ಕಾರ ಈ ದಿಕ್ಕಿನಲ್ಲಿ ಏನೂ ಮಾಡಿಲ್ಲವೆನ್ನುವಂತಿಲ್ಲ. ತಮಿಳುನಾಡಿನ ತೋಟಗಾರಿಕೆ ಇಲಾಖೆ ಸುಮಾರು 2013ರಿಂದಲೇ ಚೆನ್ನೈ, ಕೊಯಮತ್ತೂರುಗಳಲ್ಲಿ ತಾರಸಿ ತೋಟಕ್ಕೆಂದು ಸಹಾಯಧನದ ಕಿಟ್ ಕೊಟ್ಟಿತು. 2021ರ ಕೊನೆಯಲ್ಲಿ ಬಂದ ಕಿಟ್ಟಿನಲ್ಲಿ ಆರು ಚೀಲ, ಕೊಕೊಪೀಟಿನ ಇಟ್ಟಿಗೆ, ತರಕಾರಿ ಬೀಜ, ಜೈವಿಕ ಗೊಬ್ಬರ, ಬೇವಿನ ಔಷಧಿ ಇದ್ದವು. ಬೆಂಗಳೂರಿನಲ್ಲಿ ಡಾ. ಬಿ.ಎನ್. ವಿಶ್ವನಾಥ್ ಅವರು ಜನರಿಗೆ ಕಲಿಸುತ್ತ ತಾರಸಿ ತೋಟವನ್ನು ಒಂದು ಚಳವಳಿಯಾಗಿಸಿದರು. 2011ರಲ್ಲಿ ಅಲ್ಲಿ ಆರಂಭವಾದ ‘ಊಟ ಫ್ರಮ್ ಯುವರ್ ತೋಟ’ ಸಂತೆ ಬೀಜ, ಸಸಿ, ಅನುಭವ ಹಂಚಿಕೊಳ್ಳುವ ಜಾಗವಾಯಿತು. ಆದರೆ ಕಿಟ್ ಕೊಡುವವರೂ ತರಬೇತಿ ಕೊಡುವವರೂ ತಾರಸಿ ಕೈಯಲ್ಲಿದೆ ಎಂದೇ ಹೊರಡುತ್ತಾರೆ. ಅಪಾರ್ಟ್‌ಮೆಂಟಿನ ತಾರಸಿ ಎಲ್ಲರಿಗೂ ಸೇರಿದ ಜಾಗ; ಬೀಗದ ಕೈ ಮಾತ್ರ ಸಂಘದವರ ಬಳಿ, ಸಂಘದ ಸದಸ್ಯತ್ವ ಮಾಲೀಕರಿಗೆ. ಬಾಡಿಗೆದಾರನ ಕೈಯಲ್ಲಿ ಕಿಟ್ ಇದ್ದರೂ ಅದನ್ನಿಡಲು ಅನುಮತಿ ಇರುವುದಿಲ್ಲ. ಕೊರತೆ ಚೀಲದ್ದಲ್ಲ, ಒಪ್ಪಿಗೆಯದು. ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಬಾಡಿಗೆದಾರ ನೋಡಿಕೊಳ್ಳಬೇಕಾದ ಕೆಲಸಗಳ ಪಟ್ಟಿಯಲ್ಲಿ ನಲ್ಲಿ, ಸ್ವಿಚ್ಚುಗಳ ಜೊತೆಗೇ ಅವನು ಬಳಸುವ ತೋಟದ ನಿರ್ವಹಣೆಯನ್ನೂ ಸೇರಿಸಿದೆ. ತೋಟವನ್ನು ನೋಡಿಕೊಳ್ಳುವ ಹೊಣೆ ಅವನದೆಂದು ಹೇಳಬಹುದಾದರೆ, ಬೆಳೆಸುವ ಅವಕಾಶವನ್ನೂ ಬರೆದುಕೊಡಬಹುದು.

ಸ್ವಂತ ಮನೆಯವರ ಪಾಲು ಬೇರೆ, ಮತ್ತು ದೊಡ್ಡದು. ಅವರ ಬಳಿ ಇರುವುದು ವರ್ಷಗಳು. ಚೀಲದ ಹರಿವೆಯನ್ನು ಬಾಡಿಗೆದಾರನೂ ಬೆಳೆಯಬಲ್ಲ. ಮಾವು, ನೆಲ್ಲಿ, ಬೇವು, ತೆಂಗನ್ನು ನೆಟ್ಟು ಕಾಯುವ ಶಕ್ತಿ ಇರುವುದು ಮನೆಯೊಡೆಯನಿಗೆ. ಈ ಊರಿನಲ್ಲಿ ಆ ಶಕ್ತಿಯನ್ನು ನಾವು ಸಿಮೆಂಟಿನ ಕೆಳಗೆ ಹೂಳಿದ್ದೇವೆ. ಕಾರು ನಿಲ್ಲಿಸಲು, ಗುಡಿಸಲು ಅನುಕೂಲವೆಂದು ಕಾಂಪೌಂಡಿನ ಮೂಲೆಮೂಲೆಗೂ ಟೈಲು ಹಾಸಿ, 2003ರಲ್ಲಿ ಕಡ್ಡಾಯವಾದ ಮಳೆಕೊಯ್ಲಿನ ಗುಂಡಿಯೊಂದರಿಂದಲೇ ಅಂತರ್ಜಲ ಏರಲೆಂದು ಹಾರೈಸುತ್ತೇವೆ. 2015ರ ಡಿಸೆಂಬರಿನ ಪ್ರವಾಹ ತೋರಿಸಿದ್ದು, ನೀರು ಇಂಗುವ ದಾರಿ ಮುಚ್ಚಿದರೆ ಅದು ಮನೆಯೊಳಗೇ ಬರುತ್ತದೆ ಎನ್ನುವುದನ್ನು. 2016ರ ಡಿಸೆಂಬರ್ 12ರ ವರ್ಧಾ ಚಂಡಮಾರುತ ಸಾವಿರಾರು ಮರಗಳನ್ನು ಕೆಡವಿತು. ಅದನ್ನೇ ನೆಪ ಮಾಡಿ ಮರವೇ ಬೇಡ ಎನ್ನುವವರಿದ್ದಾರೆ. ಬುಡದ ತನಕ ಕಾಂಕ್ರೀಟು ಮುತ್ತಿದ ಮರಕ್ಕೆ ಬೇರು ಹರಡಲು ಜಾಗವಿರದು. ಬೇರಿಲ್ಲದ ಮರ ಗಾಳಿಗೆ ನಿಲ್ಲದು. ಮರವನ್ನು ದೂರುವ ಮೊದಲು ಅದರ ಬುಡದ ಸುತ್ತ ನಾಲ್ಕಡಿ ಮಣ್ಣು ಬಿಟ್ಟಿದ್ದೆವೇ ಎಂದು ಕೇಳಿಕೊಳ್ಳಬೇಕು. ನುಗ್ಗೆಯಂಥ ಪೆಳಸು ಕೊಂಬೆಯ ಮರಗಳನ್ನು ಸೆಪ್ಟೆಂಬರಿನಲ್ಲೇ ಸವರಿಬಿಟ್ಟರೆ ಗಾಳಿ ಹಿಡಿಯುವುದಿಲ್ಲ, ಮತ್ತೆ ಚಿಗುರುತ್ತವೆ ಕೂಡ.

ಬಾಲ್ಕನಿಯೂ ಇಲ್ಲದವರ ಮಾತೇನು? ಕಣ್ಣಗಿ ನಗರ, ಪೆರುಂಬಾಕಂನ ಪುನರ್ವಸತಿ ಬಹುಮಹಡಿಗಳಲ್ಲಿ ಸಾವಿರಾರು ಕುಟುಂಬಗಳು ಇಕ್ಕಟ್ಟಾದ ಮನೆಗಳಲ್ಲಿವೆ. ಅವರಿಗೆ ತೋಟ ಕಲಿಸುವ ಅಗತ್ಯವಿಲ್ಲ. ಗುಡಿಸಲ ಮಾಡಿನ ಮೇಲೆ ಕುಂಬಳ, ಸೋರೆ ಹಬ್ಬಿಸುವುದು ಮದರಾಸಿನ ಬಡವರು ಬಹುಕಾಲದಿಂದ ಬಲ್ಲ ವಿದ್ಯೆ. ಕಾಂಕ್ರೀಟಿಗೆ ಹೋದಾಗ ಆ ಮಾಡು ಕಳೆದುಹೋಯಿತು. ಅಂಥ ಕಟ್ಟಡಗಳ ತಾರಸಿಯನ್ನೂ ನಡುವಿನ ಖಾಲಿ ನೆಲವನ್ನೂ ಗೊತ್ತಾದ ಅವಧಿಗೆ ನಿವಾಸಿಗಳ ಗುಂಪುಗಳಿಗೆ ಬಿಟ್ಟುಕೊಡುವುದು ನಗರಕ್ಕೆ ಅಸಾಧ್ಯವಾದ ಕೆಲಸವಲ್ಲ. ಭರವಸೆಯ ಅವಧಿಯೇ ತೋಟದ ಅಳತೆ ಎಂದು ನಾನು ಹೇಳುತ್ತಿರುವುದು ನಿಜವಾದರೆ, ಅದು ಮೊದಲು ಸಲ್ಲಬೇಕಾದದ್ದು ಇವರಿಗೆ.

ಆದ್ದರಿಂದ ನನ್ನ ಬೇಡಿಕೆಗಳು ಮೂರು. ಮೊದಲನೆಯದು ಬಾಡಿಗೆಗೆ ಕೊಡುವವರಿಗೆ: ಮುಂದಿನ ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಿ. ಎಷ್ಟು ಚೀಲ, ಎಲ್ಲಿ, ಹೋಗುವಾಗ ಜಾಗ ತೊಳೆದುಕೊಡುವುದು ಯಾರ ಹೊಣೆ, ಇಷ್ಟು ಬರೆದರೆ ಇಬ್ಬರ ಭಯವೂ ತೀರುತ್ತದೆ. ಎರಡನೆಯದು ಅಪಾರ್ಟ್‌ಮೆಂಟ್ ಸಂಘಗಳಲ್ಲಿರುವವರಿಗೆ: ತಾರಸಿಯ ಅಂಚನ್ನು ಜೂನಿನಿಂದ ಏಪ್ರಿಲಿನ ತನಕ ಕೇಳಿದವರಿಗೆ, ಮಾಲೀಕ-ಬಾಡಿಗೆದಾರ ಎಂಬ ಭೇದವಿಲ್ಲದೆ, ಹಂಚಿಕೊಡಿ, ಮೇ ತಿಂಗಳನ್ನು ಸೂರಿನ ರಿಪೇರಿಗೆ ಇಟ್ಟುಕೊಳ್ಳಿ. ಮೂರನೆಯದು ನಮ್ಮ ಕನ್ನಡ ಸಂಘಗಳಿಗೆ: ಚೆನ್ನೈಯ ಹವೆಗೆ ಹೊಂದುವ ಬಿತ್ತನೆಯ ಪಂಚಾಂಗವನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟಾದರೂ ಅಚ್ಚು ಹಾಕಿಸಿ, ಹೊಸದಾಗಿ ಊರಿಗೆ ಬಂದ ಪ್ರತಿ ಕುಟುಂಬಕ್ಕೂ ಕೊಡಿ, ವರ್ಷಕ್ಕೊಮ್ಮೆ, ಆಡಿ ಮಾಸಕ್ಕೆ ಮುಂಚೆ, ಬೀಜ ಮತ್ತು ಬಸಳೆಯ ಕಡ್ಡಿ ಹಂಚಿಕೊಳ್ಳುವ ಒಂದು ಭಾನುವಾರ ನಡೆಸಿ. ಇವುಗಳಲ್ಲಿ ಯಾವುದಕ್ಕೂ ಹೊಸ ನೆಲ ಬೇಡ, ದೊಡ್ಡ ಹಣವೂ ಬೇಡ. ಬಾಡಿಗೆಗೆ ಇರುವವರನ್ನೂ ಊರಿನವರೆಂದು ಒಪ್ಪುವ ಮನಸ್ಸು ಬೇಕು. ಆ ಮನಸ್ಸನ್ನು ಇನ್ನೊಬ್ಬರಿಂದ ಕೇಳುವ ಮೊದಲು, ನಮ್ಮಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವವರು ಈ ಜೂನಿನಿಂದಲೇ ತೋರಿಸಬಹುದು.